ಆಟ ನಡೆಸುವವರ ಮಾತು ಏಕೆ ನಡೆಯುತ್ತದೆ

(ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸಕ್ಕೆ ಆಟದ ವಿಷಯವೇ ಎಂದು ಆಹ್ವಾನ ಪತ್ರಿಕೆ ನೋಡಿದ ಕೆಲವರಿಗಾದರೂ ಅನ್ನಿಸಿರಬಹುದು. ಕ್ರಿಕೆಟ್ಟಾಗಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ನಾನು ಮಾತಾಡಹೊರಟಿರುವುದು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಂಥ ಪಾತ್ರದಾಟಗಳ ಬಗ್ಗೆ. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂತು, ಬಾಯಿಮಾತಿನಲ್ಲೇ ಒಂದು ಲೋಕ ಕಟ್ಟಿಕೊಂಡು ಆಡುವ ಆಟಗಳು ಇವು. ಅವುಗಳನ್ನು ನಡೆಸುವ ಗೇಮ್ ಮಾಸ್ಟರ್ ಎಂಬವರ ಅಧಿಕಾರವೇ ಇಂದಿನ ವಿಷಯ.

ಅಧಿಕಾರ ಎಂದಾಗಲೆಲ್ಲ ಅದರ ಬೆನ್ನಿಗೆ ಒಂದು ಬಲ ಇರುತ್ತದೆ. ಕಾನೂನಿನ ಬಲ, ಸಂಬಳ ಕೊಡುವವರ ಬಲ, ವಯಸ್ಸಿನ, ಜಾತಿಯ, ಗಂಡಸುತನದ ಬಲ. ಗೇಮ್ ಮಾಸ್ಟರ್ ಬೆನ್ನಿಗೆ ಇವು ಯಾವುವೂ ಇಲ್ಲ. ಅವರು "ಸೇತುವೆ ಮುರಿದುಬಿದ್ದಿದೆ" ಎಂದರೆ ಸುತ್ತ ಕೂತವರ ಪಾಲಿಗೆ ಆ ಸೇತುವೆ ಮುರಿದುಬಿದ್ದಿತು. ಒಪ್ಪದವರು ಬ್ಯಾಗು ಹೆಗಲಿಗೇರಿಸಿ ಎದ್ದು ಹೋಗಬಹುದು, ಯಾರೂ ತಡೆಯುವುದಿಲ್ಲ. ಆದರೂ ಅವರ ಮಾತು ಒಂದು ಸಂಜೆಯಲ್ಲ, ಕೆಲವು ಗುಂಪುಗಳಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಇಷ್ಟು ಬಲಹೀನವಾದ ಅಧಿಕಾರ ಇಷ್ಟು ಚೆನ್ನಾಗಿ ನಡೆಯುವುದು ಹೇಗೆ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಅಧಿಕಾರ ಹುಟ್ಟಿದ್ದೇ ಆಟಗಾರರ ಸ್ವಾತಂತ್ರ್ಯದಿಂದ. ಏನು ಬೇಕಾದರೂ ಮಾಡಲು ಹೊರಡಬಹುದು ಎಂದು ಆಟಗಾರರಿಗೆ ಬಿಟ್ಟ ಕ್ಷಣದಲ್ಲೇ, ಅದರಿಂದ ಏನಾಯಿತು ಎಂದು ಹೇಳುವವರೊಬ್ಬರು ಬೇಕಾದರು. ಹಾಗಾಗಿ ಆ ಸ್ವಾತಂತ್ರ್ಯವನ್ನು ಕಾಯುವಷ್ಟು ಕಾಲ ಮಾತ್ರ ಗೇಮ್ ಮಾಸ್ಟರ್ ಅಧಿಕಾರಕ್ಕೆ ಅರ್ಥವಿದೆ. ಅದನ್ನು ನುಂಗಲು ಹೊರಟ ದಿನ ಅವರು ತಾವು ಕೂತ ಕುರ್ಚಿಯ ಕಾಲನ್ನೇ ಕೊಯ್ದುಕೊಳ್ಳುತ್ತಾರೆ.

1. ಒಂದು ಸಣ್ಣ ಸನ್ನಿವೇಶ

ಆಟವನ್ನು ನೋಡದವರಿಗಾಗಿ ಒಂದು ಉದಾಹರಣೆ ಕಟ್ಟಿಕೊಡುತ್ತೇನೆ. ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಯೊಂದರಲ್ಲಿ ಐದು ಗೆಳೆಯರು ಕೂತಿದ್ದಾರೆ ಎಂದುಕೊಳ್ಳಿ. ನಾಲ್ವರ ಕೈಯಲ್ಲಿ ಒಂದೊಂದು ಹಾಳೆ. ಅದರಲ್ಲಿ ಅವರವರ ಪಾತ್ರದ ಹೆಸರು, ಕಸುಬು, ಶಕ್ತಿ, ಸಾಮಾನು. ಐದನೆಯವಳು ಗೇಮ್ ಮಾಸ್ಟರ್. ಆ ನಾಲ್ಕು ಪಾತ್ರಗಳನ್ನು ಬಿಟ್ಟು ಲೋಕದಲ್ಲಿ ಉಳಿದಿರುವುದೆಲ್ಲ, ಅಂದರೆ ಮಳೆ, ಕಾಡು, ಅಂಗಡಿಯವನು, ವೈರಿ ಎಲ್ಲವೂ ಅವಳ ಪಾಲಿನದು.

"ಕೋಟೆ ಬಾಗಿಲಲ್ಲಿ ಇಬ್ಬರು ಕಾವಲುಗಾರರಿದ್ದಾರೆ. ಒಬ್ಬ ತೂಕಡಿಸ್ತಿದಾನೆ. ಏನ್ ಮಾಡ್ತೀರಿ?"

"ನಾನು ಸೊಪ್ಪು ಮಾರೋನ ಥರ ಒಳಗೆ ಹೋಗ್ತೀನಿ."

"ನಿನ್ನ ಹತ್ರ ಸೊಪ್ಪೆಲ್ಲಿದೆ?"

"ನಿನ್ನೆ ರಾತ್ರಿ ಹೊಲದ ಪಕ್ಕ ಮಲಗಿದ್ವಲ್ಲ, ಬೆಳಿಗ್ಗೆ ಏಳ್ತಾನೇ ಕಿತ್ಕೊಂಡೆ ಅಂದ್ಕೋ."

ನಿಯಮದ ಪುಸ್ತಕದಲ್ಲಿ ಕತ್ತಿಯ ಏಟಿಗೆ ಲೆಕ್ಕವಿದೆ, ಕವಚಕ್ಕೆ ಅಂಕಿಯಿದೆ. ಸೊಪ್ಪು ಮಾರುವವನ ವೇಷಕ್ಕೆ ಅಲ್ಲಿ ಏನೂ ಇಲ್ಲ. ಈಗ ಅವಳು ಒಂದೇ ಉಸಿರಿಗೆ ನಾಲ್ಕು ವಿಷಯ ತೀರ್ಮಾನಿಸಬೇಕು. ಆ ಹೊಲದಲ್ಲಿ ಸೊಪ್ಪು ಇತ್ತೇ? ಕಾವಲುಗಾರ ಎಂಥ ಮನುಷ್ಯ, ನಂಬುವವನೋ ಬುಟ್ಟಿ ತಡಕಾಡುವವನೋ? ಇಪ್ಪತ್ತು ಮುಖದ ದಾಳ ಉರುಳಿಸಬೇಕೇ, ಉರುಳಿಸಿದರೆ ಎಷ್ಟು ಬಿದ್ದರೆ ಗೆದ್ದಂತೆ? ಈ ಬಾಗಿಲ ಬಳಿ ಎಷ್ಟು ಹೊತ್ತು ಕಳೆಯಬೇಕು, ಯಾವಾಗ ಮುಂದಿನ ದೃಶ್ಯಕ್ಕೆ ಹೋಗಬೇಕು?

ಲೋಕದಲ್ಲಿ ಏನಿದೆ ಎಂದು ಹೇಳುವ ಹಕ್ಕು, ಇತರ ಪಾತ್ರಗಳಾಗಿ ಮಾತಾಡುವ ಹಕ್ಕು, ನಿಯಮ ಹೇಗೆ ಅನ್ವಯಿಸುತ್ತದೆ ಎಂಬ ತೀರ್ಪು, ಆಟದ ಲಯದ ಹಿಡಿತ. ಇವು ನಾಲ್ಕು ಬೇರೆಬೇರೆ ಅಧಿಕಾರಗಳು. ಇವೆಲ್ಲ ಒಬ್ಬರ ಕೈಯಲ್ಲಿ ಗಂಟಾದದ್ದು ಚರಿತ್ರೆಯ ಆಕಸ್ಮಿಕ. ಆ ಗಂಟು ಬಿದ್ದದ್ದು ಹೇಗೆ, ಆಮೇಲೆ ಬಿಚ್ಚಿದ್ದು ಹೇಗೆ ಎಂಬುದೇ ಈ ಉಪನ್ಯಾಸದ ಕಥೆ.

2. ಪ್ರಷ್ಯದ ನಕ್ಷೆಯ ಮೇಲೆ

ಕಥೆ ಶುರುವಾಗುವುದು ಸೈನ್ಯದಲ್ಲಿ. 1812ರಲ್ಲಿ ಪ್ರಷ್ಯದ ಅಧಿಕಾರಿ ಫಾನ್ ರೈಸ್‌ವಿಟ್ಸ್ ತಾನು ರೂಪಿಸಿದ ಯುದ್ಧದಾಟವನ್ನು ದೊರೆ ಮೂರನೆಯ ಫ್ರೀಡ್ರಿಷ್ ವಿಲ್ಹೆಲ್ಮ್‌ಗೆ ತೋರಿಸಿದ. ಅವನ ಮಗ, ಫಿರಂಗಿ ದಳದ ಅಧಿಕಾರಿ, ಅದನ್ನು ತಿದ್ದಿ 1824ರಲ್ಲಿ ನಿಯಮಗಳನ್ನು ಅಚ್ಚು ಮಾಡಿಸಿದ. ಹೆಸರು ಕ್ರೀಗ್‌ಸ್ಪೀಲ್. 1:8000 ಪ್ರಮಾಣದ ನಕ್ಷೆ, ಪಡೆಗಳಿಗೆ ಸಣ್ಣ ಕಟ್ಟುಗಳು, ಒಂದೊಂದು ಸರದಿಗೂ ಎರಡು ನಿಮಿಷದ ಯುದ್ಧಕಾಲ, ಏಟಿನ ಫಲಕ್ಕೆ ದಾಳ.

ಇದರಲ್ಲಿ ನಿಜವಾಗಿ ಹೊಸದಾಗಿದ್ದುದು ತೀರ್ಪುಗಾರ. ಎರಡೂ ಪಕ್ಷದವರು ತಮ್ಮ ಆಜ್ಞೆಗಳನ್ನು ಬರೆದು ಅವನ ಕೈಗೆ ಕೊಡಬೇಕು. ವೈರಿಯ ಪಡೆ ಕಣ್ಣಿಗೆ ಬೀಳುವ ಸ್ಥಿತಿಯಲ್ಲಿದ್ದರೆ ಮಾತ್ರ ಅವನು ಅದನ್ನು ನಕ್ಷೆಯ ಮೇಲೆ ಇಡುತ್ತಾನೆ. ಚದುರಂಗದಲ್ಲಿ ಎರಡೂ ಸೇನೆ ಇಬ್ಬರ ಕಣ್ಣೆದುರೇ ಇರುತ್ತವೆ, ಪ್ರತಿ ಕಾಯಿ ಎಲ್ಲಿಗೆ ಹೋಗಬಹುದು ಎಂಬುದನ್ನು ಎಣಿಸಿಬಿಡಬಹುದು. ಅದಕ್ಕೇ ಅಲ್ಲಿ ನಡುವೆ ಕೂತು ಹೇಳುವವರು ಬೇಕಿಲ್ಲ. ರಣರಂಗದಲ್ಲಿ ಗುಡ್ಡದಾಚೆ ಏನಿದೆಯೋ ಗೊತ್ತಿಲ್ಲ, ದಳಪತಿ ಏನು ಆಜ್ಞೆ ಕೊಟ್ಟಾನೋ ಮೊದಲೇ ಊಹಿಸಲಾಗದು. ಕಾಣದ್ದನ್ನು ಬಲ್ಲ, ಊಹಿಸದ್ದಕ್ಕೆ ಉತ್ತರಿಸಬಲ್ಲ ಒಬ್ಬ ಮನುಷ್ಯ ಆಟದೊಳಗೆ ಬಂದದ್ದು ಹೀಗೆ. ಪ್ರಷ್ಯದ ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಈ ಆಟವನ್ನು ಮೆಚ್ಚಿ ಸೈನ್ಯಕ್ಕೆ ಶಿಫಾರಸು ಮಾಡಿದ.

ಅರ್ಧ ಶತಮಾನ ಕಳೆಯುವಷ್ಟರಲ್ಲಿ ಜಗಳ ಶುರುವಾಯಿತು. ಕೋಷ್ಟಕ ನೋಡು, ದಾಳ ಹಾಕು, ನಷ್ಟ ಕೂಡು ಎನ್ನುವುದರಲ್ಲೇ ಹೊತ್ತು ಹೋಗುತ್ತದೆ, ಕಲಿಯಬೇಕಾದ ಯುದ್ಧತಂತ್ರ ಹಿಂದೆ ಬೀಳುತ್ತದೆ ಎಂದು ಅಧಿಕಾರಿಗಳು ಗೊಣಗತೊಡಗಿದರು. 1876ರಲ್ಲಿ ಯೂಲಿಯುಸ್ ಫಾನ್ ವೆರ್ಡಿ ಡು ವೆರ್ನ್ವಾ ಎಂಬ ಸೇನಾಧಿಕಾರಿ ಒಂದು ದಿಟ್ಟ ಪರಿಹಾರ ಮುಂದಿಟ್ಟ: ಕೋಷ್ಟಕವನ್ನೂ ದಾಳವನ್ನೂ ಬದಿಗಿಡಿ, ಅನುಭವಿ ತೀರ್ಪುಗಾರ ಹೇಳಿದ್ದೇ ಫಲ. ಇದನ್ನು ಮುಕ್ತ ಕ್ರೀಗ್‌ಸ್ಪೀಲ್ ಎನ್ನುತ್ತಾರೆ. ಪುಸ್ತಕ ದೊಡ್ಡದೋ ತೀರ್ಪುಗಾರ ದೊಡ್ಡವನೋ ಎಂಬ ಇಂದಿನ ವಾಗ್ವಾದ ಅಂದೇ ಪೂರ್ತಿ ನಡೆದುಹೋಗಿದೆ.

ವೆರ್ಡಿಯ ಪರಿಹಾರದ ಹಿಂದೆ ಒಂದು ಆಧಾರವಿತ್ತೆಂಬುದನ್ನು ಗಮನಿಸಬೇಕು. 1870-71ರಲ್ಲಿ ಫ್ರಾನ್ಸಿನ ವಿರುದ್ಧ ನಡೆದ ಯುದ್ಧವನ್ನು ಕಣ್ಣಾರೆ ಕಂಡವರು ಆಗ ಸೈನ್ಯದಲ್ಲಿದ್ದರು. ತೋಪಿನ ಬಾಯಿಗೆ ಎದುರಾಗಿ ಹೋದ ದಂಡಿಗೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಜೊತೆಗೆ ಸೈನ್ಯದಲ್ಲಿ ದರ್ಜೆಯಿದೆ, ಹಿರಿಯ ಅಧಿಕಾರಿಯ ತೀರ್ಪಿಗೆ ಕಿರಿಯ ಎದುರಾಡುವಂತಿಲ್ಲ. ಅನುಭವ, ದರ್ಜೆ ಎರಡೂ ಇಲ್ಲದ ಮೇಜಿಗೆ ಈ ತೀರ್ಪುಗಾರ ಬಂದಾಗ ಏನಾಯಿತು? ಡ್ರ್ಯಾಗನ್ ಜೊತೆ ಕಾದಾಡಿ ಬಂದವರು ಯಾರೂ ಇಲ್ಲವಲ್ಲ.

3. ಮಿನೆಸೋಟದಲ್ಲಿ ಕೆಟ್ಟುಹೋದ ಒಂದು ಆಟ

ಅಮೆರಿಕದ ಸೇನಾಧಿಕಾರಿ ಚಾರ್ಲ್ಸ್ ಟಾಟನ್ 1880ರಲ್ಲಿ 'ಸ್ಟ್ರಾಟೆಗೋಸ್' ಎಂಬ ಯುದ್ಧದಾಟದ ಪುಸ್ತಕ ಪ್ರಕಟಿಸಿದ್ದ. ಸುಮಾರು ತೊಂಬತ್ತು ವರ್ಷದ ಬಳಿಕ ಮಿನೆಸೋಟ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅದು ಡೇವಿಡ್ ವೆಸ್ಲಿ ಎಂಬ ಯುವಕನ ಕೈಗೆ ಸಿಕ್ಕಿತು. ಸೀಸದ ಸೈನಿಕರನ್ನಿಟ್ಟು ನೆಪೋಲಿಯನ್ ಕಾಲದ ಯುದ್ಧ ಆಡುತ್ತಿದ್ದ ಗೆಳೆಯರ ಗುಂಪು ಅವನದು. ನಿಯಮದಲ್ಲಿ ಇಲ್ಲದ್ದನ್ನೂ ಆಟಗಾರ ಪ್ರಯತ್ನಿಸಬಹುದು, ಫಲವನ್ನು ತೀರ್ಪುಗಾರ ಹೇಳಬೇಕು ಎಂಬ ವಿಚಾರ ಅವನನ್ನು ಹಿಡಿಯಿತು.

1969ರಲ್ಲಿ ಅವನು ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಊರನ್ನು ಮೇಜಿನ ಮೇಲೆ ಹರಡಿದ. ಊರಾಚೆ ಎರಡು ಸೇನೆಗಳು. ಹೆಚ್ಚುವರಿ ಆಟಗಾರರಿಗೆ ಊರಿನ ಮೇಯರ್, ಬ್ಯಾಂಕಿನವನು, ವಿಶ್ವವಿದ್ಯಾಲಯದ ಕುಲಪತಿ ಹೀಗೆ ಒಂದೊಂದು ಪಾತ್ರ ಹಂಚಿದ. ಒಬ್ಬೊಬ್ಬರನ್ನೇ ಕರೆದು ಅವರ ನಡೆ ಕೇಳಿ ತೀರ್ಪು ಕೊಡಬೇಕೆಂಬುದು ಅವನ ಯೋಜನೆ. ಅವರು ಕಾಯಲಿಲ್ಲ. ತಮ್ಮತಮ್ಮಲ್ಲೇ ಸಂಧಾನ, ಪಿತೂರಿ ಶುರುವಿಟ್ಟುಕೊಂಡರು. ಇಬ್ಬರು ದ್ವಂದ್ವಯುದ್ಧಕ್ಕೆ ನಿಂತರು. ಅದಕ್ಕೆ ನಿಯಮವೇ ಇರಲಿಲ್ಲ, ವೆಸ್ಲಿ ಅಲ್ಲಿಯೇ ಒಂದನ್ನು ಹೊಸೆದ. ಸೇನೆಗಳ ಯುದ್ಧ ನಡೆಯಲೇ ಇಲ್ಲ. ಆಟ ಕೆಟ್ಟುಹೋಯಿತೆಂದು ಅವನು ಕೈಚೆಲ್ಲಿದರೆ, ಆಡಿದವರು ಇನ್ನೊಂದು ಯಾವಾಗ ಎಂದು ಬೆನ್ನು ಹತ್ತಿದರು.

ಪಾತ್ರದಾಟದ ಚರಿತ್ರೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಸಂಜೆ ಇದು. ತೀರ್ಪುಗಾರನ ಹಿಡಿತ ಸಡಿಲವಾದ ಜಾಗದಲ್ಲೇ ಅವನ ಅಗತ್ಯ ಹೆಚ್ಚಾಯಿತು. ಎಲ್ಲರೂ ಕಾಯಿ ನಡೆಸುವುದಷ್ಟನ್ನೇ ಮಾಡಿದ್ದರೆ ಪುಸ್ತಕ ಸಾಕಿತ್ತು. ಅವರು ಮನುಷ್ಯರ ಹಾಗೆ ನಡೆದುಕೊಳ್ಳತೊಡಗಿದ್ದರಿಂದ ಮನುಷ್ಯನೊಬ್ಬ ಬೇಕಾದ. ಅವನ ತೀರ್ಪನ್ನು ಅವರು ಒಪ್ಪಿದ್ದು ದ್ವಂದ್ವಯುದ್ಧದ ಬಗ್ಗೆ ಅವನಿಗೆ ಅನುಭವವಿತ್ತೆಂದಲ್ಲ. ಒಪ್ಪದಿದ್ದರೆ ಆ ದ್ವಂದ್ವಯುದ್ಧವೇ ಇಲ್ಲ ಎಂಬುದಕ್ಕೆ. ವೆರ್ಡಿಯ ಮೇಜಿನಲ್ಲಿ ಅನುಭವ, ದರ್ಜೆಗಳಿದ್ದ ಜಾಗಕ್ಕೆ ಇಲ್ಲಿ ಒಪ್ಪಿಗೆ ಬಂದು ಕೂತಿತು.

ವೆಸ್ಲಿಯ ಗೆಳೆಯ ಡೇವ್ ಆರ್ನ್‌ಸನ್ ಆ ಬಗೆಯ ಆಟದಲ್ಲಿ ಮಹಾ ಚತುರ. ಲ್ಯಾಟಿನ್ ಅಮೆರಿಕದ ಕಲ್ಪಿತ ದೇಶವೊಂದರಲ್ಲಿ ನಡೆದ ಮುಂದಿನ ಆಟದಲ್ಲಿ ತಾನು ಸಿಐಎ ಗೂಢಚಾರನೆಂದು ಉಳಿದವರನ್ನು ನಂಬಿಸಿ ಮೆರೆದವನು. 1971ರ ಹೊತ್ತಿಗೆ ಅವನೇ ತೀರ್ಪುಗಾರನಾಗಿ ಬ್ಲ್ಯಾಕ್‌ಮೂರ್ ಎಂಬ ಮಾಂತ್ರಿಕ ಸೀಮೆಯನ್ನು ನಡೆಸತೊಡಗಿದ. ಕೋಟೆಯ ಕೆಳಗೆ ಸುರಂಗಗಳು, ಸುರಂಗಗಳಲ್ಲಿ ರಾಕ್ಷಸರು, ನಿಧಿ. ನಿಯಮಗಳು ಬಹುಪಾಲು ಅವನ ಟಿಪ್ಪಣಿಗಳಲ್ಲಿ, ತಲೆಯಲ್ಲಿ. ಆಟಗಾರರಿಗೆ ತಿಳಿಯುತ್ತಿದ್ದುದು ಫಲ ಮಾತ್ರ. ಮೊದಲು ಹೇಳಿದ ನಾಲ್ಕು ಅಧಿಕಾರಗಳು ಒಂದೇ ಗಂಟಾದದ್ದು ಇಲ್ಲಿ.

4. ಹತ್ತು ಡಾಲರಿನ ಪೆಟ್ಟಿಗೆ

ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್‌ಗೆ ಆರ್ನ್‌ಸನ್ ಈ ಆಟ ತೋರಿಸಿದ. 1974ರಲ್ಲಿ ಇಬ್ಬರ ಹೆಸರಿನಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಹೊರಬಂತು. ಪೆಟ್ಟಿಗೆಯಲ್ಲಿ ಮೂರು ತೆಳು ಪುಸ್ತಿಕೆ, ಬೆಲೆ 10 ಡಾಲರ್, ಮೊದಲ ಮುದ್ರಣ 1,000 ಪ್ರತಿ. ನಿಯಮಗಳು ಅಲ್ಲಲ್ಲಿ ಅಸ್ಪಷ್ಟ, ಹಲವು ಕಡೆ ಅಪೂರ್ಣ. ಇವು ಬರೀ ದಿಕ್ಸೂಚಿ, ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿ, ನಿಮ್ಮ ಪರವಾಗಿ ಕಲ್ಪಿಸುವ ಕೆಲಸ ನಮ್ಮದಲ್ಲ ಎಂಬ ಧಾಟಿ ಆ ಪುಸ್ತಿಕೆಗಳದು. ಊರೂರಿನ ಮೇಜುಗಳು ತಮಗೆ ತೋಚಿದಂತೆ ಆಡಿದವು.

ಐದೇ ವರ್ಷದಲ್ಲಿ ಧಾಟಿ ಬದಲಾಯಿತು. ಆಟ ಬೆಳೆದಿತ್ತು, ಸಮಾವೇಶಗಳಲ್ಲಿ ಸ್ಪರ್ಧೆಗಳು ನಡೆಯುತ್ತಿದ್ದವು. ಒಂದೂರಿನ ಆಟಗಾರ ಇನ್ನೊಂದೂರಿನ ಮೇಜಿಗೆ ಹೋದರೆ ಆಟವೇ ಬೇರೆ ಎನ್ನುವಂತಿದ್ದರೆ ಸ್ಪರ್ಧೆ ಸಾಧ್ಯವಿಲ್ಲ. 1979ರಲ್ಲಿ ಗೈಗ್ಯಾಕ್ಸ್ ಬರೆದ 'ಡಂಜನ್ ಮಾಸ್ಟರ್ಸ್ ಗೈಡ್' ಏಕರೂಪತೆಗೆ ಒತ್ತುಕೊಟ್ಟಿತು. ಏಟು ತಗಲಿತೇ ಇಲ್ಲವೇ ಎಂದು ಹೇಳುವ ಕೋಷ್ಟಕಗಳು ಕೂಡ ಆಟಗಾರರ ಪುಸ್ತಕದಲ್ಲಿರಲಿಲ್ಲ, ಇದರಲ್ಲಿದ್ದವು. ಇದನ್ನು ಇಟ್ಟುಕೊಂಡ ಆಟಗಾರನಿಗೆ ಗೌರವದ ಸಾವೂ ಸಲ್ಲದು ಎಂಬರ್ಥದ ಚಟಾಕಿಯೂ ಅದರಲ್ಲಿದೆ. ಅದೇ ವರ್ಷ ಮೇಜಿನ ಮೇಲೆ ನಿಲ್ಲಿಸುವ ಮಡಚು ಪರದೆಯೂ ಮಾರಾಟಕ್ಕೆ ಬಂತು. ಪರದೆಯ ಈಚೆ ಜ್ಞಾನ, ಆಚೆ ಆಟಗಾರರು.

ಆ ಪುಸ್ತಕ ಎರಡು ದೊರೆಗಳನ್ನು ಒಟ್ಟಿಗೆ ಪಟ್ಟಕ್ಕೇರಿಸಿತು. ಲೇಕ್ ಜಿನೀವಾದಿಂದ ಬಂದ ಪುಸ್ತಕ ಎಲ್ಲ ಮೇಜುಗಳ ಮೇಲೂ ದೊರೆ. ಪ್ರತಿ ಮೇಜಿನಲ್ಲೂ ಡಂಜನ್ ಮಾಸ್ಟರ್, ಅಂದರೆ ಈ ಆಟದ ಗೇಮ್ ಮಾಸ್ಟರ್, ಪುಸ್ತಕದ ಮೇಲೂ ದೊರೆ. ಈ ತಿಕ್ಕಾಟ ಇಂದಿಗೂ ತೀರಿಲ್ಲ. 2000ದಲ್ಲಿ ಬಂದ ಮೂರನೆಯ ಆವೃತ್ತಿ ಗೋಡೆ ಹತ್ತಲು ಎಷ್ಟು, ಬೀಗ ತೆಗೆಯಲು ಎಷ್ಟು ಎಂದು ಅಂಕಿಗಳನ್ನು ವಿಸ್ತಾರವಾಗಿ ಪಟ್ಟಿ ಮಾಡಿತು. ಆಟಗಾರ ತನ್ನ ಹಕ್ಕನ್ನು ಪುಸ್ತಕದಲ್ಲಿ ತೋರಿಸಿ ಕೇಳುವಂತಾಯಿತು. 2008ರಲ್ಲಿ ಮ್ಯಾಥ್ಯೂ ಫಿಂಚ್ ಒಂದು ಕಿರುಹೊತ್ತಿಗೆಯಲ್ಲಿ ಹಳೆಯ ಶೈಲಿಯನ್ನು ಎತ್ತಿಹಿಡಿದು, ನಿಯಮಕ್ಕಿಂತ ಸ್ಥಳದಲ್ಲಿ ಕೊಡುವ ತೀರ್ಪೇ ಮೇಲು ಎಂದ. ರೈಸ್‌ವಿಟ್ಸ್ ಮತ್ತು ವೆರ್ಡಿಯ ವಾದವೇ ಡ್ರ್ಯಾಗನ್ ಮುಖವಾಡ ಹಾಕಿಕೊಂಡು ಮರಳಿ ಬಂದಂತಿತ್ತು.

ನಮ್ಮ ಸೊಪ್ಪಿನ ಬುಟ್ಟಿಗೆ ಇದನ್ನು ಹಚ್ಚಿ ನೋಡಿ. ಪುಸ್ತಕ ದೊಡ್ಡದಾದರೆ ವೇಷ ಹಾಕುವ ಕೌಶಲಕ್ಕೆ ಒಂದು ಅಂಕಿ ಇರುತ್ತದೆ. ಗೇಮ್ ಮಾಸ್ಟರ್‌ಗೆ ಆಟಗಾರನ ಮೇಲೆ ಮುನಿಸಿದ್ದರೂ ಅದನ್ನು ಏರಿಸಲಾಗದು. ಆದರೆ ತೂಕಡಿಸುತ್ತಿರುವ ಕಾವಲುಗಾರ, ಹಸಿ ಸೊಪ್ಪು, ಬೆಳಗಿನ ಹೊತ್ತು ಎಂಬ ವಿವರಗಳಿಗೆ ಬೆಲೆ ಕಡಿಮೆಯಾಗುತ್ತದೆ. ತೀರ್ಪು ದೊಡ್ಡದಾದರೆ ಆ ವಿವರಗಳೇ ಎಲ್ಲ. ಕೂತವಳ ಮನಸ್ಸಿನ ಮರ್ಜಿಗೂ ಅಷ್ಟೇ ಜಾಗ ಸಿಗುತ್ತದೆ. ಎರಡರಲ್ಲಿ ಯಾವುದೂ ಪೂರ್ತಿ ಸರಿಯಲ್ಲ ಎಂದು ಹೇಳಿ ನುಣುಚಿಕೊಳ್ಳಲಾರೆ. ಒಪ್ಪಿಗೆಯ ಮೇಲೆ ನಿಂತ ಮೇಜಿನಲ್ಲಿ ಕಾರಣವನ್ನು ಬಾಯಿಬಿಟ್ಟು ಹೇಳುವ ತೀರ್ಪು ಪುಸ್ತಕಕ್ಕಿಂತ ಮೇಲು, ಕಾರಣ ಹೇಳದ ತೀರ್ಪು ಪುಸ್ತಕಕ್ಕಿಂತ ಕೀಳು ಎಂಬುದು ನನ್ನ ನಿಲುವು.

5. ಆಕಾಶದಿಂದ ಬಿದ್ದ ಸಿಡಿಲು

ಅದೇ 1979ರ ಪುಸ್ತಕದಲ್ಲಿ ತಂಟೆಕೋರ ಆಟಗಾರರನ್ನು ಏನು ಮಾಡಬೇಕು ಎಂಬ ಸಲಹೆಯಿದೆ. ಆ ಆಟಗಾರನ ಪಾತ್ರದ ತಲೆಗೆ ಆಕಾಶದಿಂದ ನೀಲಿ ಸಿಡಿಲು ಬೀಳಿಸಬಹುದು, ಪಾತ್ರದ ವರ್ಚಸ್ಸಿನ ಅಂಕ ಕಾಯಂ ಆಗಿ ಕಿತ್ತುಕೊಳ್ಳಬಹುದು, ಅದಕ್ಕೂ ಬಗ್ಗದಿದ್ದರೆ ಆಟಗಾರನನ್ನೇ ಹೊರಗೆ ಕಳಿಸಬಹುದು. ಓದಿದರೆ ನಗು ಬರುತ್ತದೆ. ಆದರೆ ಗೇಮ್ ಮಾಸ್ಟರ್ ಅಧಿಕಾರದ ದೊಡ್ಡ ಗೊಂದಲ ಈ ಸಲಹೆಯಲ್ಲೇ ಅಡಗಿದೆ.

ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ ಎಪ್ಪತ್ತರ ದಶಕದ ಕೊನೆಯಲ್ಲಿ ಮಿನೆಸೋಟದ ಆಟಗಾರರ ನಡುವೆ ಕೂತು ಅಧ್ಯಯನ ಮಾಡಿ 1983ರಲ್ಲಿ 'ಶೇರ್ಡ್ ಫ್ಯಾಂಟಸಿ' ಎಂಬ ಪುಸ್ತಕ ಬರೆದರು. ಮೇಜಿನ ಮುಂದೆ ಕೂತ ಪ್ರತಿಯೊಬ್ಬರೂ ಏಕಕಾಲಕ್ಕೆ ಮೂರು ನೆಲೆಗಳಲ್ಲಿ ಇರುತ್ತಾರೆ ಎಂಬುದು ಅವರ ವಿಶ್ಲೇಷಣೆ: ಮನುಷ್ಯರಾಗಿ, ನಿಯಮ ಪಾಲಿಸುವ ಆಟಗಾರರಾಗಿ, ಕಥೆಯೊಳಗಿನ ಪಾತ್ರವಾಗಿ. ಸಿಡಿಲಿನ ಪ್ರಸಂಗವನ್ನು ಇದರ ಬೆಳಕಿನಲ್ಲಿ ನೋಡಿದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ. ತಂಟೆ ಮಾಡಿದ್ದು ಮನುಷ್ಯ, ಶಿಕ್ಷೆ ಪಾತ್ರಕ್ಕೆ. ಎಲ್ಲರ ಮಾತಿಗೂ ಅಡ್ಡ ಬಾಯಿ ಹಾಕುತ್ತಾನೆ, ಸದಾ ತಡವಾಗಿ ಬರುತ್ತಾನೆ ಎಂಬುದು ಸ್ನೇಹಿತರ ನಡುವಿನ ವಿಷಯ. ಅದನ್ನು ಕಥೆಯೊಳಗೆ ಸಿಡಿಲಾಗಿ ಇಳಿಸಿದರೆ ಆ ಲೋಕದ ನಂಬಿಕೆಯೇ ಕೆಡುತ್ತದೆ. ಮುಂದೆ ನಿಜವಾಗಿ ಮಳೆಗಾಲದ ಸಿಡಿಲು ಬಡಿದರೂ ಆಟಗಾರ ಗೇಮ್ ಮಾಸ್ಟರ್ ಮುಖ ನೋಡುತ್ತಾನೆ: ನಾನೇನು ತಪ್ಪು ಮಾಡಿದೆ?

ಕಥೆಯೊಳಗೆ ಗೇಮ್ ಮಾಸ್ಟರ್‌ಗೆ ದೇವರಷ್ಟು ಅಧಿಕಾರ ಇರಬಹುದು. ಮೇಜಿನ ಸುತ್ತಲಿನ ಮನುಷ್ಯರ ಮೇಲೆ ಅವರಿಗೆ ಉಳಿದವರಿಗಿಂತ ಒಂದು ಗುಲಗಂಜಿಯಷ್ಟೂ ಹೆಚ್ಚು ಅಧಿಕಾರವಿಲ್ಲ. ಒಬ್ಬರನ್ನು ಗುಂಪಿನಿಂದ ಕಳಿಸಬೇಕೇ ಎಂಬುದು ಗುಂಪು ಕೂತು ಮಾತಾಡಬೇಕಾದ ವಿಷಯ. 2013ರಲ್ಲಿ ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ಎಕ್ಸ್-ಕಾರ್ಡ್ ಈ ತಿಳಿವಳಿಕೆಯ ಫಲ. ಎಕ್ಸ್ ಎಂದು ಬರೆದ ಒಂದು ಚೀಟಿ ಮೇಜಿನ ನಡುವೆ ಇರುತ್ತದೆ. ಕಥೆ ಯಾರಿಗಾದರೂ ಸಹಿಸಲಾಗದ ಕಡೆಗೆ ಹೊರಳಿದರೆ ಅವರು ಅದನ್ನು ಮುಟ್ಟುತ್ತಾರೆ, ಆ ಭಾಗ ಕಥೆಯಿಂದ ಹೊರಗೆ. ಯಾಕೆ ಎಂದು ಯಾರೂ ಕೇಳುವಂತಿಲ್ಲ. ಲೋಕವನ್ನೇ ಸೃಷ್ಟಿಸುವ ಗೇಮ್ ಮಾಸ್ಟರ್ ಮಾತನ್ನು ಅತ್ಯಂತ ಸಂಕೋಚದ ಆಟಗಾರ್ತಿಯೂ ಒಂದು ಬೆರಳಿನಲ್ಲಿ ತಡೆಯಬಹುದು.

6. ಪರದೆಯ ಹಿಂದಿನ ದಾಳ

ಎಲ್ಲ ಗುಂಪುಗಳಲ್ಲೂ ಜಗಳ ಹುಟ್ಟಿಸುವ ಪ್ರಶ್ನೆ ಇದು: ಪರದೆಯ ಹಿಂದೆ ಬಿದ್ದ ದಾಳವನ್ನು ಗೇಮ್ ಮಾಸ್ಟರ್ ತಿರುಚಬಹುದೇ? ಗೈಗ್ಯಾಕ್ಸ್ ಪುಸ್ತಕ ಆ ಹಕ್ಕನ್ನು ಕೊಟ್ಟಿತ್ತು. ಚೆನ್ನಾಗಿ ಆಡಿದವನ ಪಾತ್ರ ಬರೀ ದುರದೃಷ್ಟದಿಂದ ಸಾಯುವಂತಾದರೆ, ಕೈಯೋ ಕಾಲೋ ಹೋಗಿ ಜೀವ ಉಳಿಯುವಂತೆ ಮಾಡಬಹುದು ಎಂದಿತ್ತು. ಉದ್ದೇಶ ಕರುಣೆಯದೇ.

ನೆಟ್‌ಫ್ಲಿಕ್ಸ್‌ನಲ್ಲಿ 2016ರಲ್ಲಿ ಬಂದ 'ಸ್ಟ್ರೇಂಜರ್ ಥಿಂಗ್ಸ್' ನೋಡಿದ ವಿದ್ಯಾರ್ಥಿಗಳು ಇಲ್ಲಿ ಬಹಳ ಮಂದಿ ಇರಬಹುದು. ಮೊದಲ ಕಂತಿನ ಆರಂಭದಲ್ಲೇ ನಾಲ್ವರು ಹುಡುಗರು ಈ ಆಟ ಆಡುತ್ತಿರುತ್ತಾರೆ. ಕಾಲ 1983. ನಡೆಸುವವನು ಮೈಕ್. ವಿಲ್ ಎಂಬ ಹುಡುಗ ಬೆಂಕಿಯುಂಡೆ ಎಸೆಯುತ್ತಾನೆ, 13 ಅಥವಾ ಹೆಚ್ಚು ಬೀಳಬೇಕು. ದಾಳ ಮೇಜಿನಿಂದಾಚೆ ಉರುಳಿ ಹೋಗುತ್ತದೆ. ಅಷ್ಟರಲ್ಲಿ ಅಮ್ಮ ಬಂದು ಆಟ ನಿಲ್ಲಿಸುತ್ತಾಳೆ. ಬಿದ್ದದ್ದು 7. ಮೈಕ್ ಅದನ್ನು ಕಂಡಿಲ್ಲ. ಮನೆಗೆ ಹೊರಡುವ ಮುನ್ನ ವಿಲ್ ತಾನೇ ಅವನಿಗೆ ಅದನ್ನು ಹೇಳುತ್ತಾನೆ, ರಾಕ್ಷಸ ತನ್ನನ್ನು ಹಿಡಿಯಿತೆಂದು ಒಪ್ಪಿಕೊಳ್ಳುತ್ತಾನೆ. ಹನ್ನೆರಡು ವರ್ಷದ ಹುಡುಗನಿಗೆ ಸುಳ್ಳು ಹೇಳಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ಸುಳ್ಳಿನಿಂದ ಗೆದ್ದ ಗೆಲುವು ಅವನಿಗೆ ಬೇಕಿರಲಿಲ್ಲ.

ಆಟಗಾರನಿಂದ ಈ ಪ್ರಾಮಾಣಿಕತೆಯನ್ನು ಬಯಸುವ ನಾವು ಗೇಮ್ ಮಾಸ್ಟರ್‌ಗೆ ಮಾತ್ರ ಏಕೆ ರಿಯಾಯಿತಿ ಕೊಡಬೇಕು? ತನ್ನ ಪಾತ್ರವನ್ನು ಅಪಾಯಕ್ಕೆ ಒಡ್ಡುವಾಗ ಆಟಗಾರ ಒಂದು ಲೆಕ್ಕ ಹಾಕಿರುತ್ತಾನೆ. ಫಲವನ್ನು ಗುಟ್ಟಾಗಿ ತಿರುಚಿದರೆ ಆ ಲೆಕ್ಕಕ್ಕೆ ಬೆಲೆಯಿಲ್ಲ. ಅವನು ಉಳಿದದ್ದು ತನ್ನ ಧೈರ್ಯದಿಂದಲೂ ಅಲ್ಲ, ಅದೃಷ್ಟದಿಂದಲೂ ಅಲ್ಲ, ಪರದೆಯಾಚೆಗಿನ ಕೃಪೆಯಿಂದ. "ಈ ಏಟಿಗೆ ಸಾವು ಬೇಡ ಅನ್ನಿಸ್ತಿದೆ, ಕಾಲು ಮುರೀತು ಅಂದ್ಕೊಳ್ಳೋಣ್ವಾ?" ಎಂದು ಎಲ್ಲರೆದುರು ಕೇಳಿದರೆ ಕರುಣೆಯೂ ಉಳಿಯಿತು, ಆಟವೂ ಉಳಿಯಿತು.

ಇದರ ದೊಡ್ಡಣ್ಣ ಇನ್ನೊಂದಿದೆ. ಎಡದಾರಿ ಹಿಡಿಯುತ್ತೀರೋ ಬಲದಾರಿ ಹಿಡಿಯುತ್ತೀರೋ ಎಂದು ಆಟಗಾರರನ್ನು ಕೇಳುವುದು, ಅವರು ಅರ್ಧ ಗಂಟೆ ಚರ್ಚಿಸಿ ಬಲದಾರಿ ಎನ್ನುವುದು, ಎಡಕ್ಕಿದ್ದ ರಾಕ್ಷಸನನ್ನೇ ಎತ್ತಿ ಬಲಕ್ಕೆ ತಂದಿಡುವುದು. ಗೇಮ್ ಮಾಸ್ಟರ್ ಬರೆದಿಟ್ಟ ಕಥೆ ಸುರಕ್ಷಿತ. ಕೇಳುವ ಅಗತ್ಯವೇನಿತ್ತು ಎಂಬುದಷ್ಟೇ ಉಳಿಯುವ ಪ್ರಶ್ನೆ. ಮೊದಲೇ ತೀರ್ಮಾನವಾದ ಫಲಕ್ಕೆ ತೀರ್ಪುಗಾರ ಬೇಕಿಲ್ಲ.

7. ಭಾಗವತರ ಕೈಯಲ್ಲಿ ಪ್ರಸಂಗವಿದೆ

ತಾಳಮದ್ದಳೆ ಕೇಳಿದ ಕರಾವಳಿ, ಮಲೆನಾಡಿನವರಿಗೆ ಇಲ್ಲಿ ಒಂದು ಸಾಮ್ಯ ಹೊಳೆದಿರುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ, ಆಶುವಾಗಿ ವಾದಿಸುತ್ತಾರೆ. ಕೃಷ್ಣ ಏನು ಹೇಳಬೇಕೆಂದು ಯಾರೂ ಬರೆದುಕೊಟ್ಟಿಲ್ಲ. ವಾದ ಹದ ತಪ್ಪಿ ಬೆಳೆಯಿತೆನಿಸಿದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಂಡು ಪ್ರಸಂಗವನ್ನು ಸಾಗಿಸಬಲ್ಲರು. ಲಯದ ಹಿಡಿತ ಅವರದು, ಮಾತಿನ ಸ್ವಾತಂತ್ರ್ಯ ಅರ್ಥಧಾರಿಯದು. ಅಧಿಕಾರ ಹಂಚಿಕೊಂಡು ಆಶುವಾಗಿ ಕಟ್ಟುವ ಕಲೆ ನಮಗೆ ಹೊಸದಲ್ಲ.

ವ್ಯತ್ಯಾಸವೇ ಇಲ್ಲಿ ಹೆಚ್ಚು ಕಲಿಸುತ್ತದೆ. ಅರ್ಥಧಾರಿ ಎಷ್ಟೇ ಸೊಗಸಾಗಿ ವಾದಿಸಿದರೂ ಕರ್ಣಪರ್ವದ ಕೊನೆಯಲ್ಲಿ ಕರ್ಣ ಬದುಕಿ ಮನೆಗೆ ಹೋಗುವುದಿಲ್ಲ. ಭಾಗವತರ ಹಿಂದೆ ಎಲ್ಲರೂ ಬಲ್ಲ, ಎಲ್ಲರೂ ಒಪ್ಪಿದ ಪ್ರಸಂಗವಿದೆ. ಗೇಮ್ ಮಾಸ್ಟರ್ ಹಿಂದೆ ಅಂಥದೊಂದು ಪಠ್ಯವಿಲ್ಲ, ಇರಲೂಬಾರದು, ಏಕೆಂದರೆ ಇಲ್ಲಿ ಕೊನೆ ಯಾರಿಗೂ ಗೊತ್ತಿಲ್ಲದಿರುವುದೇ ಆಟ. ಭಾಗವತರಿಗೆ ಪ್ರಸಂಗ ಕೊಡುವ ಆಸರೆಯನ್ನು ಗೇಮ್ ಮಾಸ್ಟರ್ ತಮ್ಮ ನಡವಳಿಕೆಯಿಂದ ಮಾತ್ರ ಗಳಿಸಬೇಕು. ನಿನ್ನೆ ಹೇಳಿದ್ದನ್ನು ಇಂದು ನೆನಪಿಟ್ಟು, ಒಬ್ಬರಿಗೆ ಕೊಟ್ಟ ತೀರ್ಪನ್ನೇ ಇನ್ನೊಬ್ಬರಿಗೂ ಕೊಟ್ಟು, ತಾವು ಕಲ್ಪಿಸಿದ ಲೋಕಕ್ಕೆ ಮೊದಲು ತಾವೇ ಬದ್ಧರಾಗಿ.

2019ರಲ್ಲಿ ಬಂದ 'ಎಐ ಡಂಜನ್' ಎಂಬ ಕಂಪ್ಯೂಟರ್ ಆಟ ಇದನ್ನು ಇನ್ನೊಂದು ಬದಿಯಿಂದ ತೋರಿಸಿತು. ಏನು ಟೈಪ್ ಮಾಡಿದರೂ ಯಂತ್ರ ಕಥೆ ಮುಂದುವರಿಸುತ್ತಿತ್ತು. ನನ್ನ ಜೇಬಿನಲ್ಲಿ ಡ್ರ್ಯಾಗನ್ ಇದೆ ಎಂದರೆ ಸರಿ, ಇದೆ. ಸ್ವಲ್ಪ ಹೊತ್ತಿಗೆ ಆ ಡ್ರ್ಯಾಗನ್ ಅದಕ್ಕೆ ಮರೆತೂ ಹೋಗಬಹುದು. ಇಲ್ಲ ಎನ್ನದ, ನೆನಪಿಡದ ತೀರ್ಪುಗಾರನ ಮುಂದೆ ಸ್ವಾತಂತ್ರ್ಯಕ್ಕೆ ರುಚಿ ಇರುವುದಿಲ್ಲ. "ನಿನ್ನ ಹತ್ರ ಸೊಪ್ಪೆಲ್ಲಿದೆ?" ಎಂದು ಕೇಳುವವರೊಬ್ಬರು ಇರುವುದರಿಂದಲೇ ಆಟಗಾರನಿಗೆ ಹಿಂದಿನ ರಾತ್ರಿಯ ಹೊಲ ನೆನಪಾಗುತ್ತದೆ.

8. ಗಂಟು ಬಿಚ್ಚಿದವರು

ಆಟದ ರಚನಕಾರರು ಆ ನಾಲ್ಕು ಅಧಿಕಾರಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ್ದಾರೆ. 1987ರ 'ಆರ್ಸ್ ಮ್ಯಾಜಿಕಾ'ದಲ್ಲಿ ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್-ಹೇಗನ್ ನಡೆಸುವ ಹೊಣೆಯನ್ನು ಗುಂಪಿನಲ್ಲಿ ಸರದಿಯಂತೆ ಸುತ್ತಿಸುವ ಕ್ರಮ ತಂದರು. 1991ರ 'ಆ್ಯಂಬರ್' ಆಟದಲ್ಲಿ ಎರಿಕ್ ವುಜ್ಸಿಕ್ ದಾಳವನ್ನೇ ಕೈಬಿಟ್ಟು, ವೆರ್ಡಿಯ ಹಾಗೆ, ತೀರ್ಪನ್ನೆಲ್ಲ ಗೇಮ್ ಮಾಸ್ಟರ್‌ಗೆ ಒಪ್ಪಿಸಿದ. 2009ರಲ್ಲಿ ಜೇಸನ್ ಮಾರ್ನಿಂಗ್‌ಸ್ಟಾರ್ ರಚಿಸಿದ 'ಫಿಯಾಸ್ಕೊ'ದಲ್ಲಿ ಗೇಮ್ ಮಾಸ್ಟರೇ ಇಲ್ಲ.

ಹಾಗೆಂದು ಅಲ್ಲಿ ಅಧಿಕಾರ ಮಾಯವಾಗಿಲ್ಲ. ತನ್ನ ಸರದಿ ಬಂದ ಆಟಗಾರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾನೆ: ದೃಶ್ಯವನ್ನು ತಾನು ಕಟ್ಟುವುದು ಅಥವಾ ದೃಶ್ಯದ ಕೊನೆಯನ್ನು ತಾನು ತೀರ್ಮಾನಿಸುವುದು. ಒಂದನ್ನು ತೆಗೆದುಕೊಂಡರೆ ಇನ್ನೊಂದು ಉಳಿದವರ ಪಾಲು. ತನಗೆ ಬರುವ ಕಷ್ಟವನ್ನೂ ಅದರ ಪರಿಹಾರವನ್ನೂ ಒಬ್ಬನೇ ಕಲ್ಪಿಸಿದರೆ ಆಟ ಸಪ್ಪೆ ಎಂದು ಪಾಲ್ ಚೀಗೆ ಎಂಬ ರಚನಕಾರ ಗುರುತಿಸಿದ್ದ. ಗೇಮ್ ಮಾಸ್ಟರ್ ಬೇಡವೆಂದರೂ ನಮಗೆ ಎದುರು ನಿಲ್ಲುವ ಇನ್ನೊಬ್ಬರು ಬೇಕೇಬೇಕು.

ನನಗೆ ಹೆಚ್ಚು ಹಿಡಿಸಿದ್ದು 2010ರಲ್ಲಿ ವಿನ್ಸೆಂಟ್ ಬೇಕರ್ ಮತ್ತು ಮೆಗ್ವೆ ಬೇಕರ್ ಹೊರತಂದ 'ಅಪಾಕಲಿಪ್ಸ್ ವರ್ಲ್ಡ್'. ಇದರಲ್ಲಿ ನಡೆಸುವವರು ದಾಳವನ್ನೇ ಉರುಳಿಸುವುದಿಲ್ಲ. ಆಟಗಾರ ಆರು ಮುಖದ ಎರಡು ದಾಳ ಹಾಕುತ್ತಾನೆ. 10 ಅಥವಾ ಹೆಚ್ಚು ಬಂದರೆ ಅಂದುಕೊಂಡದ್ದು ಆಯಿತು. 7ರಿಂದ 9 ಆದರೆ ಆಯಿತು, ಆದರೆ ಏನೋ ಒಂದು ತೆರಬೇಕು. 6 ಅಥವಾ ಕಡಿಮೆಯಾದರೆ ನಡೆಸುವವರು ಕಥೆಗೆ ತಿರುವು ಕೊಡುತ್ತಾರೆ. ಆ ತಿರುವು ಅವರ ಮರ್ಜಿಗೆ ಬಿಟ್ಟದ್ದಲ್ಲ. ಅವರ ಗುರಿ ಏನು, ಯಾವ ತತ್ವ ಪಾಲಿಸಬೇಕು, ಎಂಥ ನಡೆಗಳನ್ನು ಇಡಬಹುದು ಎಂಬ ಪಟ್ಟಿಗಳು ಪುಸ್ತಕದಲ್ಲಿವೆ. ಅವು ಸಲಹೆಗಳಲ್ಲ, ಆಟಗಾರರಿಗಿರುವ ನಿಯಮಗಳಷ್ಟೇ ಗಟ್ಟಿಯಾದ ನಿಯಮಗಳು. 1979ರ ಪುಸ್ತಕ ಗೇಮ್ ಮಾಸ್ಟರ್‌ಗೆ ಏನೆಲ್ಲ ಅಧಿಕಾರವಿದೆ ಎಂದು ಹೇಳಿತು, ಇದು ಅವರ ಕರ್ತವ್ಯ ಏನು ಎಂದು ಹೇಳಿತು. ಈ ಪುಸ್ತಕವನ್ನು ಆಟಗಾರರಿಂದ ಬಚ್ಚಿಡುವ ಕಾರಣವೇ ಇಲ್ಲ. ನಡೆಸುವವರು ದಾರಿ ತಪ್ಪಿದರೆ ಪುಟ ತೆಗೆದು ತೋರಿಸಬಹುದು.

9. ಕೊನೆಯಲ್ಲಿ

ಇದೆಲ್ಲವನ್ನೂ ಆಳುವವರಿಗೆ, ಆಡಳಿತಕ್ಕೆ ನೇರವಾಗಿ ಹೊಂದಿಸಿ ಪಾಠ ತೆಗೆಯುವ ಆಸೆ ಸಹಜ. ಅದಕ್ಕೆ ನಾನು ಕೈಹಾಕುವುದಿಲ್ಲ. ಮೇಜಿನಿಂದ ಎದ್ದು ಹೋದಷ್ಟು ಸುಲಭವಾಗಿ ಮನೆಯಿಂದಲೋ ಕೆಲಸದಿಂದಲೋ ದೇಶದಿಂದಲೋ ಎದ್ದು ಹೋಗಲಾಗದು. ಎದ್ದು ಹೋಗುವ ಹಕ್ಕು ಗಟ್ಟಿಯಾಗಿರುವಲ್ಲಿ ಮಾತ್ರ ಈ ಬಗೆಯ ಒಪ್ಪಿಗೆಗೆ ಬೆಲೆ.

ಆದರೆ ಅಧಿಕಾರ ಹೊರುವ ಅಭ್ಯಾಸಕ್ಕೆ ಈ ಮೇಜು ಒಳ್ಳೆಯ ಜಾಗ. ಗ್ಯಾರಿ ಗೈಗ್ಯಾಕ್ಸ್ ಹುಟ್ಟಿದ್ದು 1938ರಲ್ಲಿ, ಅವರ ಊರಿನ ರಾಬ್ ಕುಂಟ್ಸ್ ಹುಟ್ಟಿದ್ದು 1955ರಲ್ಲಿ. ಎಪ್ಪತ್ತರ ದಶಕದ ಆರಂಭದಲ್ಲಿ ಹದಿಹರೆಯದ ಕುಂಟ್ಸ್ ಆಟ ನಡೆಸುತ್ತಿದ್ದಾಗ ಗೈಗ್ಯಾಕ್ಸ್ ಮಾರ್ಡೆನ್‌ಕೈನೆನ್ ಎಂಬ ಮಾಂತ್ರಿಕನಾಗಿ ಆಟಗಾರರ ಸಾಲಿನಲ್ಲಿ ಕೂರುತ್ತಿದ್ದರು. ಆಕಾಶದಿಂದ ಸಿಡಿಲು ಬೀಳಿಸಲು ಸಲಹೆ ಕೊಟ್ಟ ಮನುಷ್ಯ, ತನ್ನ ಮಾಂತ್ರಿಕನಿಗೆ ಏನಾಯಿತು ಎಂದು ತಿಳಿಯಲು ತನಗಿಂತ ಹದಿನೇಳು ವರ್ಷ ಚಿಕ್ಕ ಹುಡುಗನ ಬಾಯಿ ನೋಡುತ್ತಿದ್ದರು. ಹಿರಿಯರು ಹೇಳುವುದು, ಕಿರಿಯರು ಕೇಳುವುದು ಎಂದು ಬೆಳೆದ ನಮ್ಮಂಥವರಿಗೆ ಇದು ಸಣ್ಣ ಸಂಗತಿಯಲ್ಲ.

ಆದ್ದರಿಂದ ಈ ಆಟ ಆಡುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಗುಂಪಿನಲ್ಲಿ ಸದಾ ಒಬ್ಬರೇ ನಡೆಸುತ್ತಿದ್ದರೆ, ಎಷ್ಟೇ ಚೆನ್ನಾಗಿ ನಡೆಸುತ್ತಿದ್ದರೂ, ಒಂದೆರಡು ಸಲ ಅವರನ್ನು ಎಬ್ಬಿಸಿ ಆಟಗಾರರ ಸಾಲಿನಲ್ಲಿ ಕೂರಿಸಿ. ಗುಂಪಿನಲ್ಲಿ ಅತಿ ಕಡಿಮೆ ಮಾತಾಡುವವರನ್ನು ಆ ಕುರ್ಚಿಗೆ ಕರೆಯಿರಿ. ತೀರ್ಪು ಕೇಳಿ ರೂಢಿಯಿದ್ದವರು ಕೊಡಲು ಕಲಿಯುತ್ತಾರೆ, ಕೊಟ್ಟು ರೂಢಿಯಿದ್ದವರು ಕೇಳಲು ಕಲಿಯುತ್ತಾರೆ. ಎರಡನ್ನೂ ಬಲ್ಲವರ ಮಾತು ಯಾವ ಬಲದ ಹಂಗೂ ಇಲ್ಲದೆ ನಡೆಯುತ್ತದೆ.